ಮಾಳಿಗೆ ಮೇಲೆ ಇನ್ನೊಂದು ಪದರ

ಯಗಟಿಯ ಲಕ್ಕಣ್ಣ ಯಾರ ಮನೆಗೆ ಹೋದರೂ ಮೊದಲು ಸೂರು ನೋಡುತ್ತಿದ್ದ, ಆಮೇಲೆ ಮನೆಯವರ ಮುಖ. ಮದುವೆ ಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ಹೊಸ್ತಿಲು ದಾಟಿದನೆಂದರೆ ಕತ್ತು ಮೇಲಕ್ಕೆ. ತೊಲೆ ಹೇಗಿದೆ, ಜಂತೆ ಎಲ್ಲಿ ಕಪ್ಪಾಗಿದೆ, ಮೂಲೆಯಲ್ಲಿ ನೀರು ಇಳಿದ ಗುರುತಿದೆಯೋ ಇಲ್ಲವೋ, ಎಲ್ಲ ನೋಡಿ ಮುಗಿದ ಮೇಲೆ "ಏನು, ಎಲ್ಲಾ ಚೆಂದಾಗಿದ್ದೀರಾ" ಅನ್ನುತ್ತಿದ್ದ. ಸತ್ತವರ ಮನೆಯಲ್ಲೂ ಒಮ್ಮೆ ಹಾಗೆಯೇ ಕೇಳಿಬಿಟ್ಟು ಬೈಸಿಕೊಂಡಿದ್ದ. ಆದರೂ ಚಾಳಿ ಬಿಡಲಿಲ್ಲ.

ಕೂತಲ್ಲಿ ಕೂರುವ ಜನ್ಮವಲ್ಲ ಅದು. ಹೊಲದ ಕೆಲಸ ಮುಗಿಯಿತೋ, ಊರಲ್ಲಿ ಯಾರ ಮನೆಯ ಯಾವ ಬಾಗಿಲು ಕಿರುಗುಟ್ಟುತ್ತದೆ ಎಂದು ಕಿವಿ ನಿಮಿರಿಸಿಕೊಂಡು ತಿರುಗುತ್ತಿದ್ದ. ಬಾಗಿಲಿಗೆ ಹರಳೆಣ್ಣೆ ಬಿಡು ಅನ್ನುತ್ತಿದ್ದ. ಕಂಬದ ಬುಡಕ್ಕೆ ಗೆದ್ದಲು ಹತ್ತಿದೆಯೋ, ಮಣ್ಣು ಕೆರೆದು ಹೊಂಗೆ ಎಣ್ಣೆ ಕುಡಿಸು. ಗೋಡೆ ಬಿರುಕು ಬಿಟ್ಟರೆ ಸಗಣಿ ಮೆತ್ತಿ ಕಣ್ಣೊರೆಸಬೇಡ, ಬಿರುಕನ್ನು ಇನ್ನಷ್ಟು ಅಗಲ ಮಾಡಿ ನೀರು ಚಿಮುಕಿಸಿ ಆಮೇಲೆ ಸುಣ್ಣ ತುಂಬು. ಹೇಳಿದ್ದು ಬಹಳ ಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು, ಅದೇ ಬಂದ ತೊಂದರೆ. ಜನ ನಂಬುತ್ತಾ ಹೋದರು. ತರೀಕೆರೆಯ ಅಕ್ಕಿ ವ್ಯಾಪಾರಿಯೊಬ್ಬ ಗಾಡಿ ಕಳಿಸಿ ಕರೆಸಿಕೊಂಡು ತನ್ನ ಹೊಸ ಹೆಂಚಿನ ಮನೆಯನ್ನು ತೋರಿಸಿ ಕಳಿಸಿದ್ದ. ಅಲ್ಲಿಂದ ಬಂದ ಮೇಲಂತೂ ಲಕ್ಕಣ್ಣನ ನಡಿಗೆಯೇ ಬದಲಾಯಿತು.

ಅವನ ಮಾತುಗಳಲ್ಲೆಲ್ಲ ಹೆಸರಾದದ್ದು ಒಂದು. ಆ ಸೀಮೆಯ ಮನೆಗಳೆಲ್ಲ ಮಾಳಿಗೆ ಮನೆಗಳು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಲಕ್ಕಿ ಸೊಪ್ಪು ಹಾಸಿ, ಸೊಪ್ಪಿನ ಮೇಲೆ ಮಣ್ಣು. ಕೆರೆ ದಂಡೆಯಲ್ಲಿ ಹುಲ್ಲೂ ಹುಟ್ಟದ ಬಿಳಿಚು ನೆಲದ ಕರಲು ಮಣ್ಣು ತಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹರಡಿ ದಮ್ಮಸು ಹೊಡೆದು ಗಟ್ಟಿ ಮಾಡಿದರೆ ನೀರು ಇಳಿಯುವುದಿಲ್ಲ. ವರ್ಷ ವರ್ಷವೂ ಒಂದು ಪದರ. ಸೋರುತ್ತದೆ ಎಂದು ಯಾರು ಬಂದರೂ ಲಕ್ಕಣ್ಣ ಅಂಗೈ ಮಗುಚಿ ಗಾಳಿಯಲ್ಲೇ ಮಣ್ಣು ಸವರಿ ತೋರಿಸುತ್ತಿದ್ದ. "ಇನ್ನೊಂದು ಪದರ ಎಳೀರಿ. ಮಣ್ಣು ಹಾಕಿ ಕೆಟ್ಟೋನು ಯಾವನೂ ಇಲ್ಲ." ಆ ಕೈ ಸವರುವುದನ್ನು ಊರ ಹೆಂಗಸರು ಅಣಕಿಸಿ ನಗುತ್ತಿದ್ದರು. ನಕ್ಕು ಮನೆಗೆ ಹೋಗಿ ಇನ್ನೊಂದು ಪದರ ಎಳೆಸುತ್ತಿದ್ದರು.

ಹಳೆಯ ಮಣ್ಣು ತೆಗೆಯುವ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮಾಳಿಗೆಯ ಮಣ್ಣು ಇಳಿಸುವುದು ಮನೆ ಮುಗಿದ ಮೇಲೆ, ವಂಶ ಅಳಿದು ಗೋಡೆ ಪಾಳು ಬಿದ್ದ ಮೇಲೆ. ಬಾಳುವ ಮನೆಯ ಮೇಲೆ ತಾತ ಹಾಕಿದ ಮಣ್ಣಿನ ಮೇಲೆ ಅಪ್ಪ ಹಾಕಬೇಕು, ಅಪ್ಪನದರ ಮೇಲೆ ಮಗ.

ಪ್ಲೇಗು ಬಂದು ಹೋದ ಮೇಲಿನ ಮಾತು ಇದು. ಲಕ್ಕಣ್ಣನ ಹೆಂಡತಿ ತಿಮ್ಮಕ್ಕ ಆ ಜಡ್ಡಿಗೇ ಹೋಗಿದ್ದಳು. ಒಬ್ಬಳೇ ಮಗಳು ದ್ಯಾಮಮ್ಮನನ್ನು ಅಜ್ಜಂಪುರಕ್ಕೆ ಕೊಟ್ಟಿದ್ದ. ಆ ವರ್ಷ ಬೇಸಿಗೆಯಲ್ಲಿ ಅವಳಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಾದ್ದು ಕ್ರಮ, ಆದರೆ ತವರಿನಲ್ಲಿ ಎಣ್ಣೆ ನೀರು ಹಾಕುವ ಹೆಂಗಸೇ ಇಲ್ಲದ ಮೇಲೆ ಕರೆತಂದು ಮಾಡುವುದೇನು. ಅತ್ತೆ ಪಾಪಮ್ಮನೇ "ಇಲ್ಲೇ ಆಗ್ಲಿ ಬಿಡಿ ಬೀಗರೇ" ಅಂದಿದ್ದಳು. ಲಕ್ಕಣ್ಣನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಕೃತ್ತಿಕೆ ಮಳೆಯ ದಿನಗಳು, ಆದರೆ ಮಳೆಯ ಸುಳಿವಿಲ್ಲ. ಒಂದು ದಿನ ಮಟಮಟ ಮಧ್ಯಾಹ್ನ, ಎಲೆ ಅಲ್ಲಾಡುವಷ್ಟು ಗಾಳಿಯೂ ಇಲ್ಲದಾಗ, ಎದುರು ಬೀದಿಯ ಕರಿಯಪ್ಪನ ಮನೆಯ ಮಾಳಿಗೆ ಕುಸಿದು ಕೂತಿತು. ಸಿಡಿಲಿಲ್ಲ, ಮಳೆಯಿಲ್ಲ. ಎಮ್ಮೆ ಕಟ್ಟಿದ್ದ ಅಂಕಣ ಸುಸ್ತಾದ ಮುದುಕ ಕೂತ ಹಾಗೆ ಕೂತುಬಿಟ್ಟಿತು. ಮನೆಯವರು ಹೊಲದಲ್ಲಿದ್ದರು, ಉಳಿದುಕೊಂಡರು. ಎಮ್ಮೆ ಅಡಿಯಲ್ಲಿ ಹೋಯಿತು.

ಊರು ಸೇರಿತು. ದೃಷ್ಟಿ ಆಗಿದೆ ಅಂದರು ಕೆಲವರು, ದೇವರಿಗೆ ಹರಕೆ ಬಾಕಿ ಇದೆ ಅಂದರು ಕೆಲವರು. ಲಕ್ಕಣ್ಣ ಮಣ್ಣಿನ ಗುಡ್ಡೆ ಹತ್ತಿದ. ಕುಸಿಯದೆ ನಿಂತ ಅಂಚಿನಲ್ಲಿ ಮಾಳಿಗೆಯ ಮಣ್ಣು ಕತ್ತರಿಸಿದಂತೆ ಕಾಣುತ್ತಿತ್ತು. ಬಿಳಿ ಪದರ, ಕೆಂಪು ಪದರ, ಮತ್ತೆ ಬಿಳಿ, ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ. ಗೇಣುದ್ದ ಇರಬೇಕಾದ ಮಣ್ಣು ಅವನ ತೊಡೆಯವರೆಗೆ ಬರುತ್ತಿತ್ತು. ಮುರಿದ ತೊಲೆಯನ್ನು ಕೈಯಿಂದ ಸವರಿ ನೋಡಿದ. ಹೊನ್ನೆ ಮರ. ಗೆದ್ದಲಿಲ್ಲ, ಕೊಳೆತಿಲ್ಲ, ಮುರಿದ ಜಾಗದಲ್ಲಿ ಮರ ಇನ್ನೂ ಕೆಂಪಗಿತ್ತು. ಗಟ್ಟಿ ಮರ ಭಾರಕ್ಕೆ ನಡುವಿಗೆ ಮುರಿದಿತ್ತು.

ಆ ಪದರಗಳಲ್ಲಿ ಅರ್ಧಕ್ಕರ್ಧ ಅವನ ಮಾತಿನಿಂದ ಬಂದವು.

ಕರಿಯಪ್ಪ ಕೆಳಗೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. "ನೀನು ಹೇಳ್ದಂಗೆ ಈ ಸಲಾನೂ ಇನ್ನೊಂದು ಪದರ ಎಳೆಸ್ಬೇಕು ಅಂತಿದ್ದೆ ಕಣೋ ಲಕ್ಕಣ್ಣ. ತಡ ಮಾಡ್ಬಿಟ್ಟೆ. ಎಳೆಸಿದ್ದಿದ್ರೆ ಉಳೀತಿತ್ತೋ ಏನೋ."

ಆಗಲೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಎಮ್ಮೆ ಸತ್ತ ಮನೆಯ ಮುಂದೆ ನಿಂತು, ಇದಕ್ಕೆ ನಾನೇ ಕಾರಣ ಅನ್ನುವುದು ಹೇಗೆ. ಅಷ್ಟರಲ್ಲಿ ಇನ್ನೊಂದು ನೆನಪಾಯಿತು, ಅದು ನೆನಪಾದ ಮೇಲೆ ಕರಿಯಪ್ಪನ ಎಮ್ಮೆ ಮರೆತೇಹೋಯಿತು. ಅಜ್ಜಂಪುರದಲ್ಲಿ ಮಗಳ ಮದುವೆಗೆ ಮಾತಾಡಲು ಹೋದ ದಿನ, ಬೀಗರ ಮುಂದೆ ತನ್ನ ಜಾಣತನ ತೋರಿಸುವುದಕ್ಕೆಂದೇ ಒಳಕೋಣೆಯ ಸೂರು ನೋಡಿ ಇದೇ ಅಂಗೈ ಮಗುಚಿ ಸವರಿದ್ದ. "ಈ ಕೋಣೆ ಮೇಲೆ ಮಾತ್ರ ಎರಡು ಪದರ ಇರ್ಲಿ, ವರ್ಷಾ ವರ್ಷಾ." ಆ ಮನೆಯಲ್ಲಿ ಹೆರಿಗೆ ಆಗುವುದು ಒಳಕೋಣೆಯಲ್ಲಿ. ಗಾಳಿ ಬೆಳಕು ತಾಗದ ಕೋಣೆ ಅದೊಂದೇ.

ಮಳೆ ಬಿದ್ದರೆ ಮಣ್ಣು ನೀರು ಕುಡಿದು ಭಾರ ಇಮ್ಮಡಿಸುತ್ತದೆ. ರೋಹಿಣಿ ಮಳೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಲಕ್ಕಣ್ಣ ಮನೆಗೆ ಹೋಗಿ ರುಮಾಲು ಸುತ್ತಿಕೊಂಡವನು ಹಾಗೇ ಹೊರಟ.

ಬೀರೂರಿನ ತನಕ ಯಾರದೋ ಕೊಬ್ಬರಿ ಗಾಡಿ ಸಿಕ್ಕಿತು. ಎತ್ತುಗಳು ನಿಧಾನವೆಂದು ಇಳಿದು ನಡೆದ, ಕಾಲು ಸೋತು ಮತ್ತೆ ಹತ್ತಿದ, ಮತ್ತೆ ಇಳಿದ. ಗಾಡಿಯವನಿಗೆ ಸಾಕಾಯಿತು. "ಏನಪ್ಪಾ, ನಿನ್ ಕಾಲ್ಗೆ ಇರುವೆ ಹತ್ತೈತಾ? ಒಂದೋ ಕೂತ್ಕೊ, ಇಲ್ಲಾ ನಡಿ." ರೈಲಿನಲ್ಲೂ ಅಷ್ಟೆ, ಬೆಂಚಿನ ಮೇಲೆ ಕುಂಡಿ ಊರಲಿಲ್ಲ. ಕಿಟಕಿಯಲ್ಲಿ ಊರುಗಳು ಹಾದುಹೋದವು, ಊರಿನ ತುಂಬ ಮಾಳಿಗೆಗಳು. ಯಾವುದನ್ನು ನೋಡಿದರೂ ನಡು ಬಾಗಿದ ಹಾಗೇ ಕಾಣುತ್ತಿತ್ತು. ಅಲ್ಲೊಂದು ಮನೆಯ ಮೇಲೆ ಹೆಂಗಸೊಬ್ಬಳು ಪುಟ್ಟಿಯಿಂದ ಮಣ್ಣು ಸುರಿಯುತ್ತಿದ್ದಳು. ಅವನಿಗೆ ಕೂಗಿಬಿಡೋಣ ಅನ್ನಿಸಿತು. ರೈಲು ಮುಂದೆ ಹೋಯಿತು.

ಪಾಪಮ್ಮ ಗಂಡ ಸತ್ತ ಮೇಲೆ ಮನೆಯನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದವಳು. ಗಟ್ಟಿ ಹೆಂಗಸು, ಮಾತು ಖಡಕ್ಕು. ಬೀಗನನ್ನು ಕಂಡು ಮುಖ ಅರಳಿಸಿದಳು. ಅವನು ಕಾಲು ತೊಳೆದುಕೊಳ್ಳುವ ಮೊದಲೇ ಶುರು ಮಾಡಿದಳು. "ನೀವು ಹೇಳಿದ್ಮೇಲೆ ಒಂದ್ ತೊಟ್ಟು ಸೋರಿಲ್ಲ ಕಣ್ರೀ. ಬೀದಿಯವ್ರಿಗೆಲ್ಲ ಹೇಳ್ತೀನಿ, ನಮ್ ಬೀಗರ ಮಾತು ಕೇಳಿ ಅಂತ. ಪಕ್ಕದ್ಮನೆ ತೀರ್ಥಪ್ಪನೂ ಹಾಕ್ಸವ್ನೆ."

ಲಕ್ಕಣ್ಣ ಒಳಕೋಣೆಗೆ ಹೋದ. ಬೀಗರ ಮನೆಯಲ್ಲಿ ಗಂಡಸು ಹೀಗೆ ನೇರ ಒಳಗೆ ನುಗ್ಗುವುದು ಸಭ್ಯತೆಯಲ್ಲ, ಆದರೆ ಅವನ ಚಾಳಿ ಎಲ್ಲರಿಗೂ ಗೊತ್ತಿದ್ದದ್ದೇ. ಮೂಲೆಯಲ್ಲಿ ಬಾಣಂತಿಗೆಂದು ಹೊರಸು, ಹಳೆಯ ಸೀರೆಗಳ ಗಂಟು, ಬೆರಣಿ ರಾಶಿ. ಕತ್ತು ಎತ್ತಿದ. ತೊಲೆಯ ಎರಡು ತುದಿಗೆ ಹುರಿ ಎಳೆದು ಕಟ್ಟಿ ನೋಡಿದ. ಹುರಿಗಿಂತ ಕೆಳಗೆ, ಹೊರಸಿನ ಸರಿ ಮೇಲಕ್ಕೆ, ತೊಲೆಯ ಹೊಟ್ಟೆ ನಾಲ್ಕು ಬೆರಳು ಜೋತಿತ್ತು. ತಳದಲ್ಲಿ ಕೂದಲಿನಂಥ ಸೀಳು. ಉಗುರು ಹಾಕಿದ, ಉಗುರು ಒಳಗೆ ಹೋಯಿತು.

"ಏನ್ ಬೀಗರೇ ಅಳತೆ?" ಪಾಪಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಪಾಪಮ್ಮೋರೇ, ಒಂದ್ ಮಾತು ಹೇಳ್ಬೇಕಿತ್ತು" ಎಂದು ಲಕ್ಕಣ್ಣ ತಿರುಗಿದ. ತಿರುಗಿದರೆ ಪಾಪಮ್ಮನ ಹಿಂದೆ ದ್ಯಾಮಮ್ಮ ನಿಂತಿದ್ದಳು, ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಮಗಳು ಹುರಿಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು. "ಅಪ್ಪಯ್ಯ, ಮೊದ್ಲು ನೀರು ಕುಡಿ ಬಾ" ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು.

ಹಿತ್ತಲಲ್ಲಿ ತೆಂಗಿನ ಬುಡದಲ್ಲಿ ಲಕ್ಕಣ್ಣ ಎಲ್ಲವನ್ನೂ ಒದರಿದ. ಕರಿಯಪ್ಪನ ಮನೆ, ಎಮ್ಮೆ, ಕೆಂಪಗಿದ್ದ ಮರ. "ಮಣ್ಣು ಇಳಿಸ್ಬೇಕು ಕಣವ್ವ. ನಾನು ಹೇಳಿದ್ದು ತಪ್ಪು ಅಂತ ನಿಮ್ಮತ್ತೆಗೆ ಹೇಳ್ತೀನಿ."

ದ್ಯಾಮಮ್ಮ ನೀರಿನ ಚೊಂಬು ಕೆಳಗಿಟ್ಟಳು. "ಹಂಗನ್ಬೇಡ."

"ಯಾಕೆ?"

"ಈ ಮನೇಗೆ ಬಂದಾಗ ನನ್ನ ಯಾರೂ ಲೆಕ್ಕಕ್ಕೇ ಇಟ್ಕೊಂಡಿರ್ಲಿಲ್ಲ ಅಪ್ಪಯ್ಯ. ತಾಯಿಲ್ಲದೋಳು, ಅಡಿಗೆ ಬರಲ್ಲ, ತಂದ ಪಾತ್ರೆನೂ ಅಷ್ಟಕ್ಕಷ್ಟೆ. ಆ ವರ್ಷ ಒಳಕೋಣೆ ಸೋರ್ತು. ನಮ್ಮಪ್ಪ ಹಿಂಗಂದವ್ನೆ ಅಂತ ನಾನೇ ಹಟ ಹಿಡ್ದೆ. ಕೆರೆ ದಂಡೆಯಿಂದ ಮಣ್ಣು ಹೊತ್ತೋಳೂ ನಾನೇ. ನೀನು ಎರಡು ಪದರ ಅಂದಿದ್ದೆ, ನಾನು ಮೂರು ಹಾಕಿಸ್ದೆ, ನಿನ್ ಮಾತು ಸುಳ್ಳಾಗಬಾರ್ದು ಅಂತ. ಸೋರೋದು ನಿಂತೋಯ್ತು. ಅವತ್ತಿಂದ ಅತ್ತೆ ಉಪ್ಪಿಗೂ ಮೆಣಸಿಗೂ ನನ್ನ ಕೇಳ್ತಾರೆ. ಲಕ್ಕಣ್ಣನ ಮಗಳು ಅಂತಾರೆ."

ಮೂರು ಪದರ. ತಾಯಿಲ್ಲದ ಹುಡುಗಿ ಅಪ್ಪನ ಮಾತನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತಿದ್ದಳು, ವರ್ಷ ವರ್ಷ, ತಾನು ಮಲಗುವ ಜಾಗದ ನೆತ್ತಿಗೆ ಸರಿಯಾಗಿ.

"ನೀನು ತಪ್ಪು ಅಂದ್ರೆ ನಿನಗ್ಯಾರೂ ಏನೂ ಅನ್ನಲ್ಲ" ಅಂದಳು ಮಗಳು. "ನಾಳೆ ರೈಲು ಹತ್ತಿ ಹೋಯ್ತೀಯ. ಇಲ್ಲಿ ಬಾಳ್ಬೇಕಾದೋಳು ನಾನು."

"ತೊಲೆ ಬಿದ್ರೆ ಬಾಳೋದೆಲ್ಲಿ ಬಂತು?"

ದ್ಯಾಮಮ್ಮ ಹೊಟ್ಟೆ ನೋಡಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. "ನಂಗೂ ಭಯ ಆಗ್ತೈತೆ. ಏನಾದ್ರೂ ಮಾಡಿ ಇಳಿಸು. ತಪ್ಪು ಅಂತ ಮಾತ್ರ ಅನ್ಬೇಡ."

ಲಕ್ಕಣ್ಣ ಹಿತ್ತಲಿನಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಬೀದಿಯಿಂದ ಮತ್ತೆ ಹಿತ್ತಲಿಗೆ ತಿರುಗಿದ. ತಟ್ಟೆ ಮುಂದೆ ಕೂತರೆ ಮುದ್ದೆ ಇಳಿಯಲಿಲ್ಲ. ನೆತ್ತಿಯ ಮೇಲೆ ಒಂದು ಹಲ್ಲಿ ಲೊಚಗುಟ್ಟಿದರೂ ಎದ್ದು ನಿಲ್ಲುತ್ತಿದ್ದ. ಕೊನೆಗೆ ಕೈ ತೊಳೆಯುತ್ತ ತೊಳೆಯುತ್ತಲೇ ತರೀಕೆರೆಯ ಅಕ್ಕಿ ವ್ಯಾಪಾರಿಯ ಮನೆ ಜ್ಞಾಪಕಕ್ಕೆ ಬಂತು. ಅಲ್ಲಿ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು ಇತ್ತು. ನಡುಮನೆಯ ನೆಲದ ಮೇಲೆ ಬಿಸಿಲು ಚೌಕಾಕಾರವಾಗಿ ಬಿದ್ದಿತ್ತು.

"ಪಾಪಮ್ಮೋರೇ" ಅಂದ. "ಒಳಕೋಣೆಗೆ ಒಂದು ಬೆಳಕಿಂಡಿ ಕೊರೀಬೇಕು."

ಪ್ಲೇಗು ಬಂದು ಹೋದ ಮೇಲೆ ಸರ್ಕಾರಿ ಕಚೇರಿಯವರು ಊರೂರಿಗೆ ಬಂದು ಮನೆಗೆ ಬೆಳಕು ಬಿಡಿ, ಗಾಳಿ ಬಿಡಿ ಎಂದು ಸಾರುತ್ತಿದ್ದ ಕಾಲ. ಜನ ಕೇಳಿ ಸುಮ್ಮನಾಗುತ್ತಿದ್ದರು. ಲಕ್ಕಣ್ಣ ಅದನ್ನೇ ಹಿಡಿದು ಬಣ್ಣ ಕಟ್ಟಿದ. ಕೂಸಿನ ಮೈಗೆ ಬಿಸಿಲು ಬೀಳಬೇಕು, ತರೀಕೆರೆಯ ದೊಡ್ಡ ಮನೆಗಳಲ್ಲೆಲ್ಲ ಈಗ ಹಾಗೇ, ಮೇಲೆ ಗಾಜಿನ ಹೆಂಚು ನಾನೇ ತರಿಸಿ ಕೂರಿಸುತ್ತೇನೆ. ಬೆಳಕಿಂಡಿ ಕೊರೆಯಬೇಕಾದರೆ ತೊಲೆಗೆ ಒಂದು ಆಸರೆ ಕಂಬ ಕೊಡಬೇಕು. ಮಾಳಿಗೆಯ ಮಣ್ಣಷ್ಟನ್ನೂ ಇಳಿಸಿ ನೀರಿನ ಇಳಿಜಾರು ಹೊಸದಾಗಿ ಕಟ್ಟಬೇಕು, ಇಲ್ಲದಿದ್ದರೆ ನೀರೆಲ್ಲ ಕಿಂಡಿಗೇ ನುಗ್ಗುತ್ತದೆ.

"ಮಣ್ಣು ಇಳಿಸೋದಾ?" ಪಾಪಮ್ಮನ ಹುಬ್ಬು ಮೇಲೆ ಹೋಯಿತು. "ಬಾಳೋ ಮನೇದು ಇಳಿಸ್ತಾರೇನ್ರೀ?"

"ಇಳಿಸಿ ಮತ್ತೆ ಏರ್ಸೋದು. ದೋಷ ಇಲ್ಲ."

"ನೀವು ಹೇಳಿದ್ಮೇಲೆ ಇನ್ನೇನು" ಅಂದಳು ಪಾಪಮ್ಮ. ಅಷ್ಟು ಸಲೀಸಾಗಿ ಒಪ್ಪಿದಳೆಂದು ಲಕ್ಕಣ್ಣನಿಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ.

ಅಳಿಯ ಚಿಕ್ಕಬೀರಪ್ಪ ಮಾತು ಕಡಿಮೆ, ಕೆಲಸ ಹೆಚ್ಚು. ಮಾವ ಹೇಳಿದ ಕಡೆ ಕಂಬ ನಿಲ್ಲಿಸಿದ, ಗುದ್ದಲಿ ಹಿಡಿದು ಮೇಲೆ ಹತ್ತಿದ. ಇಬ್ಬರೂ ಮೊದಲು ಒಳಕೋಣೆಯ ನೆತ್ತಿ ಬಗೆದರು. ಗುದ್ದಲಿಯೇಟಿಗೆ ಕರಲು ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ಒಂದೊಂದು ಪುಟ್ಟಿ ಅಂಗಳಕ್ಕೆ ಬಿದ್ದಾಗಲೂ ಲಕ್ಕಣ್ಣನ ಉಸಿರು ಒಂದಿಷ್ಟು ಸಡಿಲವಾಗುತ್ತಿತ್ತು. ಮೋಡ ಕಟ್ಟುತ್ತಿತ್ತು, ಬಿಚ್ಚುತ್ತಿತ್ತು. ಅವನು ನೆತ್ತಿ ಮೇಲೆತ್ತಿ ಮೋಡ ನೋಡುವುದು, ಬಗ್ಗಿ ಅಗೆಯುವುದು, ಮತ್ತೆ ನೋಡುವುದು. "ಮಾವ, ಊಟ" ಎಂದು ಅಳಿಯ ಕರೆದರೂ ಇಳಿಯಲಿಲ್ಲ. ಅಂಗೈ ಬೊಬ್ಬೆ ಬಂದು ಒಡೆಯಿತು. ಒಳಕೋಣೆಯ ಮೇಲೆ ಸೊಪ್ಪು, ಜಂತೆ ಕಾಣುವವರೆಗೆ ಬಿಡಲಿಲ್ಲ.

ಮಾರನೆಯ ದಿನ ನಡುಮನೆಯ ಮೇಲೆ ಅಗೆಯುತ್ತಿದ್ದಾಗ ಕೆಳಗಿನಿಂದ ಕೆಲಸ ನಿಲ್ಲಿಸಿ ಎಂದು ಪಾಪಮ್ಮ ಕೂಗಿದಳು. ದ್ಯಾಮಮ್ಮನಿಗೆ ನೋವು ಬಂದಿತ್ತು. ಸೂಲಗಿತ್ತಿ ಒಳಗೆ ಹೋದಳು. ಗಂಡಸರು ಅಂಗಳದಲ್ಲಿ ಮಣ್ಣಿನ ಗುಡ್ಡೆಯ ಪಕ್ಕ ಕೂತರು. ಲಕ್ಕಣ್ಣ ಕೂತ, ಎದ್ದ, ಗುಡ್ಡೆಯ ಸುತ್ತ ತಿರುಗಿದ. ಒಳಗಿನಿಂದ ಮಗಳ ಕೂಗು ಬಂದಾಗಲೆಲ್ಲ ಅವನ ಕಣ್ಣು ಮಾಳಿಗೆಯ ಅಂಚಿಗೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಅಳು ಕೇಳಿತು. ಹೆಣ್ಣು ಮಗು. ಪಾಪಮ್ಮ ಹೊರಗೆ ಬಂದು "ಬೆಳಕಿಂಡಿ ಮುಹೂರ್ತ ಒಳ್ಳೇದಿತ್ತು ಕಣ್ರೀ, ಸಲೀಸಾಗಿ ಆಯ್ತು" ಎಂದು ಕಣ್ಣೊರೆಸಿಕೊಂಡಳು. ಲಕ್ಕಣ್ಣ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಗುವಿನ ಹಾಗೆ ಅತ್ತ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನ ಬುದ್ಧಿ ನೋಡಿ. ಉಳಿದ ಮಣ್ಣೂ ಇಳಿಯಿತು, ಬೆಳಕಿಂಡಿಯೂ ಆಯಿತು. ಗಾಜಿನ ಹೆಂಚು ಬರುವ ತನಕ ಅದರ ಮೇಲೆ ಒಂದು ಮಡಕೆ ಬೋರಲು ಹಾಕಿದರು. ಹಗಲು ಹೊತ್ತು ಮಡಕೆ ತೆಗೆದರೆ ಒಳಕೋಣೆಯ ನೆಲದ ಮೇಲೆ ತಟ್ಟೆಯಗಲ ಬಿಸಿಲು. ಬೀದಿಯ ಜನ ನೋಡಲು ಬಂದರು. ನೋಡಿದವರೆಲ್ಲ "ಇದೇನು ಹೊಸದು" ಎಂದರು. ಲಕ್ಕಣ್ಣನಿಗೆ ಮೈಮೇಲೆ ಬಂದ ಹಾಗಾಯಿತು. ಕಿಂಡಿಗೆ ಅಂಚು ಎಷ್ಟು ಎತ್ತರ ಕಟ್ಟಬೇಕು, ಸುಣ್ಣಕ್ಕೆ ಬೆಲ್ಲದ ನೀರು ಎಷ್ಟು, ಯಾವ ದಿಕ್ಕಿಗೆ ಇಳಿಜಾರು, ಎಲ್ಲ ಅಂಗೈ ಮಗುಚಿ ಮಗುಚಿ ಹೇಳಿದ. ಹೇಳುತ್ತ ಹೇಳುತ್ತ ತಾನು ಯಗಟಿಯಿಂದ ಓಡಿ ಬಂದದ್ದೇ ಈ ಬೆಳಕಿಂಡಿಗೆ ಅನ್ನುವ ಹಾಗೆ ಅವನಿಗೂ ಅನ್ನಿಸತೊಡಗಿತು. ಮಗಳ ಮರ್ಯಾದೆ ಉಳಿಯಿತು ಎಂದು ಸಮಾಧಾನಪಟ್ಟುಕೊಂಡ. ತನ್ನದೂ ಉಳಿದದ್ದನ್ನು ಮಾತ್ರ ಯೋಚಿಸಲಿಲ್ಲ.

ಪಕ್ಕದ ಮನೆಯ ತೀರ್ಥಪ್ಪನಿಗೆ ಬೆಳಕಿಂಡಿ ಬಹಳ ಹಿಡಿಸಿತು. "ನಮ್ಮನೇಗೂ ಒಂದು ಕೊರೆಸ್ತೀನಿ ಲಕ್ಕಣ್ಣೋರೆ. ಮಣ್ಣು ಇಳಿಸೋ ರಗಳೆ ಬ್ಯಾಡ. ಹಂಗೇ ನಡುವೆ ಒಂದು ತೂತು ಹೊಡೆದ್ರೆ ಆಗಲ್ವಾ?"

ಅಷ್ಟು ಭಾರ ಹೊತ್ತ ಮಾಳಿಗೆಯ ಜಂತೆ ಕತ್ತರಿಸಿದರೆ ಏನಾಗುತ್ತದೆಂದು ಲಕ್ಕಣ್ಣನಿಗೆ ಗೊತ್ತಿತ್ತು. "ನೋಡವ, ನೋಡವ" ಅಂದ. ಅಂದವನು ಅಲ್ಲಿ ನಿಲ್ಲಲಾರದೆ ಕೆರೆಯ ಕಡೆ ಹೋಗಿ ಬಂದ. ಬಂದ ಮೇಲೂ ಕಾಲು ನಿಲ್ಲಲಿಲ್ಲ.

ಅಷ್ಟರಲ್ಲಿ ರೋಹಿಣಿ ಹುಟ್ಟಿತು. ಪಡುವಲಲ್ಲಿ ಮೋಡ ಇದ್ದಿಲಾಯಿತು. ಬೆಳಿಗ್ಗೆಯೇ ಪಾಪಮ್ಮ ಬೀದಿಯ ಆಳುಗಳನ್ನು ಕರೆಸಿದಳು, ಪುಟ್ಟಿ ಗುದ್ದಲಿ ಎಲ್ಲ ಬಂದವು. ಅಂಗಳದ ಹಳೆಯ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಕೆರೆ ದಂಡೆಯಿಂದ ತಂದ ಹೊಸ ಕರಲು ಮಣ್ಣಿನ ಇನ್ನೊಂದು ಗುಡ್ಡೆ. "ಮಳೆ ಬರೋದ್ರೊಳ್ಗೆ ಏರ್ಸಿಬಿಡ್ರಪ್ಪಾ. ಹಳೇದಷ್ಟೂ ಮತ್ತೆ ಏರ್ಲಿ, ಅದರ ಮೇಲೊಂದು ಹೊಸ ಪದರ" ಅಂದಳು.

ಲಕ್ಕಣ್ಣ ಏಣಿಯ ಬುಡದಲ್ಲಿ ನಿಂತಿದ್ದ. "ಸ್ವಲ್ಪ ತಡೀರಿ. ಮಣ್ಣು ಇನ್ನೂ ಆರ್ಲಿ" ಅಂದ.

"ಆರೋದೇನ್ ಬಂತು, ಬೂದಿಯಂಗೈತೆ."

"ಹಂಗಾದ್ರೆ ಒಂಚೂರು ಕಮ್ಮಿ ಹಾಕವ. ಕಿಂಡಿ ಇದೆಯಲ್ಲ."

"ಕಮ್ಮಿ ಯಾಕ್ರೀ? ಮಣ್ಣು ಹಾಕಿ ಕೆಟ್ಟೋನು ಯಾವನೂ ಇಲ್ಲ ಅಂತ ನೀವೇ ಅಂದಿದ್ದು." ಪಾಪಮ್ಮ ನಗುತ್ತ ಅವನ ಹಾಗೆಯೇ ಅಂಗೈ ಮಗುಚಿ ಗಾಳಿಯಲ್ಲಿ ಸವರಿದಳು. ಆಳುಗಳು ನಕ್ಕರು. ತೀರ್ಥಪ್ಪನೂ ಬೇಲಿಯಾಚೆ ನಕ್ಕ.

ಲಕ್ಕಣ್ಣ ಬಾಯಿ ತೆರೆದ. ಒಂದೇ ಮಾತು ಸಾಕಾಗಿತ್ತು. ಜೀವಮಾನವಿಡೀ ಬಾಯಿ ಮುಚ್ಚದ ಮನುಷ್ಯ. ಎಲ್ಲರೂ ಅವನನ್ನು ಪ್ರೀತಿಯಿಂದ ನೋಡುತ್ತಿದ್ದರು, ಆ ನೋಟವೇ ಅವನನ್ನು ತಡೆಯಿತು. ಮಗಳೇ ಬೇಡ ಅಂದಿದ್ದಾಳಲ್ಲ ಅಂದುಕೊಂಡ. ಅದು ನೆಪವೆಂದು ಒಳಗೆ ಗೊತ್ತಿತ್ತು. "ನಿಮ್ಮಿಷ್ಟ" ಅಂದುಬಿಟ್ಟ.

ಚಿಕ್ಕಬೀರಪ್ಪ ಮೊದಲ ಪುಟ್ಟಿ ತಲೆಗೆ ಏರಿಸಿಕೊಂಡು ಏಣಿಗೆ ಕಾಲಿಟ್ಟ.

"ಇಳೀರಿ" ಎಂದು ದನಿ ಬಂತು.

ದ್ಯಾಮಮ್ಮ ಹೊಸ್ತಿಲ ಹೊರಗೆ ನಿಂತಿದ್ದಳು. ಪುರುಡು ಇನ್ನೂ ಕಳೆದಿರಲಿಲ್ಲ, ಹೊಸ್ತಿಲು ದಾಟುವ ಹಾಗಿರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಅವಚಿಕೊಂಡು, ಗೋಡೆ ಹಿಡಿದುಕೊಂಡು ಬಂದಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಆಳುಗಳು ದೂರ ಸರಿದರು.

"ಅತ್ತೆ, ಈ ಮಣ್ಣೆಲ್ಲ ಹಾಕಿಸ್ಬೇಡಿ, ಗೇಣು ಸಾಕು. ನಮ್ಮಪ್ಪ ಹೇಳಿದ್ದು ತಪ್ಪು."

ಚಿಕ್ಕಬೀರಪ್ಪ ಏಣಿಯಿಂದ ಕಾಲು ತೆಗೆದ.

"ಯಗಟೀಲಿ ಹಿಂಗೇ ಹಾಕಿ ಹಾಕಿ ಕರಿಯಪ್ಪನ ಮನೆ ಕುಸಿದು ಎಮ್ಮೆ ಸತ್ತೈತೆ. ನಮ್ಮ ತೊಲೆನೂ ಸೀಳೈತೆ. ಅದನ್ನ ಹೇಳಾಕೇ ಓಡಿ ಬಂದಿದ್ದ. ನಾನೇ ಬ್ಯಾಡ ಅಂದೆ. ಬೆಳಕಿಂಡಿ ಗಿಳಕಿಂಡಿ ಎಲ್ಲಾ ಮಣ್ಣು ಇಳಿಸಾಕೆ ಮಾಡಿದ್ದು." ಅವಳಿಗೆ ಉಸಿರು ಸಾಲಲಿಲ್ಲ, ನಿಂತು ತೆಗೆದುಕೊಂಡಳು. "ಹೊತ್ತೋಳು ನಾನೇ. ಏನನ್ನೋದಿದ್ರೂ ನನಗನ್ನಿ. ಈ ಕೂಸಿನ ಮೇಲೆ ಮಾತ್ರ ಮತ್ತೆ ಹೊರಿಸ್ಬೇಡಿ."

ಪಾಪಮ್ಮ ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು. ಒಳಕೋಣೆಯ ಕಡೆ ತಿರುಗಿ ಆಸರೆ ಕಂಬ ನೋಡಿದಳು. ಆ ಹೊರಸಿನ ಮೇಲೆ, ಆ ತೊಲೆಯ ಕೆಳಗೆ, ಸೊಸೆಯ ಪಕ್ಕದಲ್ಲಿ ಅವಳೂ ಎಷ್ಟೋ ಹೊತ್ತು ಕೂತಿದ್ದವಳು.

"ಮೈಮೇಲೆ ಗಾಳಿ ಬಡೀತೈತೆ, ಒಳೀಕ್ ನಡಿ" ಅಂದಳು ದ್ಯಾಮಮ್ಮನಿಗೆ. ಬೈಗುಳವೋ ಅಕ್ಕರೆಯೋ ಹೇಳುವ ಹಾಗಿರಲಿಲ್ಲ. ಸೊಸೆ ಒಳಗೆ ಹೋಗುವ ತನಕ ಕಾದಳು. ಆಮೇಲೆ ಲಕ್ಕಣ್ಣನ ಕಡೆ ತಿರುಗಿದಳು.

"ಇಷ್ಟು ಹೇಳಾಕೆ ಹಸಿ ಬಾಣಂತಿ ಎದ್ದು ಬರ್ಬೇಕಾಗಿತ್ತಾ ಬೀಗರೇ? ನೀವು ಇಲ್ಲೇ ನಿಂತಿದ್ರಲ್ಲ."

ಲಕ್ಕಣ್ಣ ತಲೆ ತಗ್ಗಿಸಿದ. ಏಣಿಯ ಹತ್ತಿರ ಹೋಗಿ ಅಳಿಯನ ತಲೆಯ ಮೇಲಿದ್ದ ಪುಟ್ಟಿಯನ್ನು ತನ್ನ ತಲೆಗೆ ತೆಗೆದುಕೊಂಡು, ಅಂಗಳ ದಾಟಿ, ಬೀದಿಗಿಳಿದು ಕೆರೆಯ ಕಡೆ ಹೊರಟ. ಸುರಿದು ಬಂದು ಇನ್ನೊಂದು ತುಂಬಿದ.

ತೀರ್ಥಪ್ಪನಿಗೆ ತಡೆಯಲಾಗಲಿಲ್ಲ. "ಬೀಗರ ಕೈಲಿ ಮಣ್ಣು ಹೊರಿಸ್ತಾರೇನಮ್ಮ? ಊರೋರು ಏನಂದಾರು?"

"ಹೊರ್ಲಿ ಬಿಡಪ್ಪ" ಅಂದಳು ಪಾಪಮ್ಮ, ಒಳಗೆ ಹೋಗಿ ಬಾಣಂತಿಯ ಹೊರಸಿನ ಅಡಿಗೆ ಕೆಂಡ ಹಾಕತೊಡಗಿದಳು.